ಗೆರೆ ಮೇಲೆ ಕಂಡದ್ದಷ್ಟೇ

ಮೊದಲ ದಿನ

ಮಾರ್ಚ್ ತಿಂಗಳಲ್ಲಿ ಬ್ಯಾಂಕಿನವಳು ಆರು ದಿನ ರಜೆ ಕೇಳಿದರೆ ಮೇಲಿನವರ ಮುಖ ಹೇಗಾಗುತ್ತದೆ ಅಂತ ಬ್ಯಾಂಕಿನಲ್ಲಿ ದುಡಿದವರಿಗೆಲ್ಲ ಗೊತ್ತು. "ಕಾಡಲ್ಲಿ ಪ್ರಾಣಿ ಎಣಿಸೋಕೆ ಹೋಗ್ತೀನಿ ಸಾರ್" ಅಂದೆ. "ಇಲ್ಲಿ ನೋಟು ಎಣಿಸೋರು ಯಾರಮ್ಮ?" ಅಂದರು. ಗೊಣಗಿದರೂ ಕೊನೆಗೆ ಸಹಿ ಹಾಕಿದರು.

ದಾವಣಗೆರೆಯಿಂದ ಬೆಳಗಿನ ಬಸ್ಸು. ಚನ್ನಗಿರಿ, ಬೀರೂರು, ಕಡೂರು ದಾಟಿ ಚಿಕ್ಕಮಗಳೂರು ತಲುಪಿದಾಗ ಹನ್ನೊಂದು ಗಂಟೆ ಆಗಿತ್ತು. ಅಲ್ಲಿಂದ ಜೀಪಿನಲ್ಲಿ ಮಲ್ಲಂದೂರು ದಾರಿ ಹಿಡಿದು ಭದ್ರಾ ಅಭಯಾರಣ್ಯದ ಮುತ್ತೋಡಿ. ಎಂಟು ಹತ್ತು ದಿನದ ಹಿಂದೆ ಹೂಮಳೆ ಆಗಿತ್ತಂತೆ. ತೋಟಗಳಲ್ಲಿ ಕಾಫಿ ಗಿಡ ಬೆಳ್ಳಗೆ ಅರಳಿ ನಿಂತಿದ್ದವು, ಆ ಪರಿಮಳಕ್ಕೆ ತಲೆ ಸ್ವಲ್ಪ ತಿರುಗಿದ ಹಾಗೇ ಆಯಿತು. ಅಥವಾ ರಸ್ತೆಯ ತಿರುವುಗಳಿಗೋ, ಗೊತ್ತಿಲ್ಲ.

ಭದ್ರಾ ಅಭಯಾರಣ್ಯ ಅಂದರೆ ಜನಕ್ಕೆ ನಾಗರಹೊಳೆ, ಬಂಡೀಪುರದಷ್ಟು ಪರಿಚಯವಿಲ್ಲ. 1951ರಲ್ಲಿ ಜಾಗರ ಕಣಿವೆಯನ್ನು ಬೇಟೆ ನಿಷೇಧದ ಕಾಡು ಮಾಡಿದರು. 1974ರಲ್ಲಿ ಲಕ್ಕವಳ್ಳಿ ಕಡೆಯ ಕಾಡನ್ನೂ ಸೇರಿಸಿ ದೊಡ್ಡದು ಮಾಡಿದರು. 1998ರಲ್ಲಿ ಹುಲಿ ಮೀಸಲು. ಬಂಡೀಪುರದ ನಂತರ ನಮ್ಮ ರಾಜ್ಯಕ್ಕೆ ಇದೇ ಎರಡನೆಯದು. ಸುಮಾರು 492 ಚದರ ಕಿಲೋಮೀಟರ್. ಸುತ್ತ ಬಾಬಾಬುಡನ್‌ಗಿರಿ ಬೆಟ್ಟಗಳು, ನಡುವೆ ಸೋಮವಾಹಿನಿ ಹೊಳೆ, ಆ ಕಡೆ ಭದ್ರಾ ಹಿನ್ನೀರು.

ನಾನು ಹದಿನಾಲ್ಕು ವರ್ಷದಿಂದ ಹಕ್ಕಿ ನೋಡುವವಳು. ಇಲ್ಲಿಗೆ ಬಂದದ್ದೂ ಹಕ್ಕಿಯ ಆಸೆಗೇ. ಆದರೆ ಮಧ್ಯಾಹ್ನದ ತರಬೇತಿಯಲ್ಲಿ ಮೊದಲು ಕೈಗಿಟ್ಟ ಫಾರಂನಲ್ಲಿ ಇದ್ದದ್ದು ಕಾಟಿ, ಕಡವೆ, ಜಿಂಕೆ, ಕಾಡುಕುರಿ, ಕಾಡುಹಂದಿ, ಮುಸಿಯ, ಕೆಂಜಳಿಲು, ಆನೆ. ಹಕ್ಕಿಗಳಲ್ಲಿ ನವಿಲು, ಕಾಡುಕೋಳಿ ಎರಡೇ. ಉಳಿದವಕ್ಕೆ ಜಾಗವೇ ಇಲ್ಲ! ಮುಖ ಚಿಕ್ಕದು ಮಾಡಿಕೊಂಡೆ. ನನ್ನ ಜೊತೆಗೆ ಹಾಕಿದ್ದ ಪಿಎಚ್‌ಡಿ ಹುಡುಗ ಅದನ್ನು ಗಮನಿಸಿರಬೇಕು. "ಎಂಟೂವರೆ ಆದ್ಮೇಲೆ ನನ್ನ ಹಕ್ಕಿ ಕೆಲಸ ಇರುತ್ತೆ, ಬನ್ನಿ ಅಕ್ಕ" ಅಂದ.

ಕೆಲಸ ಏನಪ್ಪಾ ಅಂದರೆ, ಕಾಡಿನಲ್ಲಿ ಮೊದಲೇ ಗುರುತು ಮಾಡಿದ ಒಂದು ಗೆರೆಯ ಮೇಲೆ ನಡೆಯಬೇಕು. ಟ್ರಾನ್ಸೆಕ್ಟ್ ಅಂತಾರೆ, ಕಾಡು ಕಾಯುವ ವಾಚರುಗಳ ಬಾಯಲ್ಲಿ ಬರೀ 'ಲೈನು'. ನಮ್ಮದು ಚೌಕಾಕಾರದ್ದು, ಒಟ್ಟು 3.2 ಕಿ.ಮೀ. ಬೆಳಿಗ್ಗೆ ಒಂದು ಸುತ್ತು, ಸಂಜೆ ಒಂದು ಸುತ್ತು. ಪ್ರಾಣಿ ಕಂಡ ಕೂಡಲೇ ನಿಲ್ಲಬೇಕು. ಯಾವ ಪ್ರಾಣಿ, ಎಷ್ಟು, ರೇಂಜ್‌ಫೈಂಡರಿನಲ್ಲಿ ಎಷ್ಟು ದೂರ, ಕಂಪಾಸಿನಲ್ಲಿ ಎಷ್ಟು ಡಿಗ್ರಿ, ಗೆರೆ ಯಾವ ದಿಕ್ಕಿಗಿದೆ, ಅಷ್ಟೂ ಬರೆಯಬೇಕು. ಜೀಪಿನಲ್ಲಿ ರಸ್ತೆ ಮೇಲೆ ಹೋಗಿ ಎಣಿಸಿದರೆ ಆಗಲ್ವಾ ಅಂದೆ. ಆಗಲ್ಲ. ರಸ್ತೆ ಪಕ್ಕ ಗಿಡ ಸವರಿರುತ್ತಾರೆ, ಹೊಸ ಹುಲ್ಲಿಗೆ ಜಿಂಕೆ ಅಲ್ಲೇ ಬಂದು ಸೇರುತ್ತವೆ, ಕಡವೆಯಂಥವು ಸದ್ದಿಗೆ ದೂರ ಹೋಗುತ್ತವೆ. ರಸ್ತೆಯ ಲೆಕ್ಕ ರಸ್ತೆಗೆ ಮಾತ್ರ ಸರಿ.

ಎರಡನೇ ದಿನ

ನಾಲ್ಕೂವರೆಗೆ ಎಬ್ಬಿಸಿದರು. ಬೆಲ್ಲದ ಕಪ್ಪು ಕಾಫಿ, ಆಮೇಲೆ ಕಾಲಿಗೆ ಕೈಗೆ ಡೆಪಾ ಎಣ್ಣೆ. ಮಲೆನಾಡಿನವರಿಗೆ ಈ ಎಣ್ಣೆ ಗೊತ್ತು. ಉಣ್ಣೆ ಕಚ್ಚಬಾರದು ಅಂತ ಆರೋಗ್ಯ ಇಲಾಖೆಯವರು ಹಂಚುತ್ತಾರೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ ಗೊತ್ತಾದ ಮಂಗನ ಕಾಯಿಲೆಯ ಭಯ ಇನ್ನೂ ಹೋಗಿಲ್ಲ. ಸತ್ತ ಮುಸಿಯ ಕಂಡರೆ ಹತ್ತಿರ ಹೋಗಬೇಡಿ, ತಕ್ಷಣ ತಿಳಿಸಿ ಅಂತ ನಿನ್ನೆಯೇ ಎರಡು ಸಲ ಹೇಳಿದ್ದರು.

ನಾವು ಮೂವರು. ಮುಂದೆ ವಾಚರ್ ಅಣ್ಣ, ಹಿಂದೆ ನಾನು, ಆಮೇಲೆ ಹುಡುಗ. ಅಣ್ಣನಿಗೆ ನಲವತ್ತು ಆಗಿರಬಹುದು. ಸಣಕಲು ಮೈ, ಕೈಯಲ್ಲಿ ಕತ್ತಿ. ಮಾತು ಕಡಿಮೆ. ಆರೂವರೆಗೆ ಗೆರೆಯ ತುದಿಯಲ್ಲಿ ನಿಂತೆವು. ಎರಡಡಿ ಅಗಲಕ್ಕೆ ಒಣಗಿದ ಎಲೆ ಗುಡಿಸಿದ್ದರು. ಅದರ ಆಚೆ ಒಂದು ಹೆಜ್ಜೆ ಇಟ್ಟರೂ ಹಪ್ಪಳ ಮುರಿದ ಸದ್ದು.

ಮೊದಲ ಅರ್ಧ ಗಂಟೆ ನನಗೆ ಕಂಡದ್ದು ಅಣ್ಣನ ಬೆನ್ನು ಮಾತ್ರ. ಅವನು ನಿಂತ, ನಾನು ಹೋಗಿ ಡಿಕ್ಕಿ ಹೊಡೆದೆ. ಎಡಗಡೆ ಕೈ ತೋರಿಸಿದ. ಏನೂ ಇಲ್ಲ. ಮತ್ತಿ ಮರ, ಲಂಟಾನ, ಮತ್ತೆ ಮತ್ತಿ ಮರ. ಹುಡುಗ ಆಗಲೇ ರೇಂಜ್‌ಫೈಂಡರ್ ಹಿಡಿದು "ನಲವತ್ತು" ಅಂದ. ಆಮೇಲೆ ಒಂದು ಕಿವಿ ಅಲುಗಿತು. ಕಿವಿಯ ಹಿಂದಿಂದ ಇಡೀ ಕಡವೆ ನನ್ನ ಕಣ್ಣಿಗೆ ಮೂಡಿ ಬಂತು, ಅಲ್ಲಿಯವರೆಗೂ ಅದು ಅಲ್ಲೇ ನಿಂತು ನಮ್ಮನ್ನೇ ನೋಡುತ್ತಿತ್ತು.

ಇಲ್ಲಿ ಒಂದು ಸಣ್ಣ ಲೆಕ್ಕ ಹೇಳಲೇಬೇಕು, ಇಡೀ ಕೆಲಸ ನಿಂತಿರುವುದು ಅದರ ಮೇಲೆ. ಕಡವೆ ನಮ್ಮಿಂದ 40 ಮೀಟರ್. ಗೆರೆಗೂ ಅದಕ್ಕೂ ನಡುವಿನ ಕೋನ 30 ಡಿಗ್ರಿ. ಹೈಸ್ಕೂಲಿನ ಸೈನ್ ಲೆಕ್ಕ ನೆನಪಿದ್ದರೆ, ಗೆರೆಯಿಂದ ಅದು ನೇರವಾಗಿ 20 ಮೀಟರ್ ದೂರದಲ್ಲಿದೆ. ಇಂಥ ನೂರಾರು ದೂರಗಳನ್ನು ಕೂಡಿಸಿ ನೋಡಿದರೆ ಗೆರೆಯ ಹತ್ತಿರ ಜಾಸ್ತಿ ಪ್ರಾಣಿ ಕಂಡಿರುತ್ತವೆ, ದೂರ ಹೋದ ಹಾಗೆ ಕಡಿಮೆ. ಪ್ರಾಣಿಗಳು ಗೆರೆ ಹತ್ತಿರ ಬಂದು ನಿಲ್ಲುತ್ತವೆ ಅಂತಲ್ಲ, ದೂರದವು ನಮ್ಮ ಕಣ್ಣಿಗೆ ಬೀಳುವುದಿಲ್ಲ ಅಂತ. ಆ ಇಳಿಕೆ ಎಷ್ಟು ಬೇಗ ಆಗುತ್ತದೆ ಅನ್ನುವುದರಿಂದಲೇ ಕಾಣದೆ ಉಳಿದವು ಎಷ್ಟಿರಬಹುದು ಅಂತ ಅಂದಾಜು ಮಾಡುತ್ತಾರೆ. ಗೆರೆಯ ಮೇಲೇ ಇರುವ ಪ್ರಾಣಿ ತಪ್ಪಿ ಹೋಗಬಾರದು, ಮತ್ತು ಅದು ಹೆದರಿ ಓಡುವ ಮೊದಲೇ ಕಾಣಬೇಕು. ಈ ಎರಡು ಸರಿಯಿದ್ದರೆ ಲೆಕ್ಕ ನಿಲ್ಲುತ್ತದೆ. ಇನ್ನೊಂದು ಕಾಯಿಲೆ ಇದೆ: 'ಸುಮಾರು ಐವತ್ತು' ಅನ್ನುವುದು. 47 ಇದ್ದರೆ 47 ಅಂತಲೇ ಬರೆಯಬೇಕು. ಬ್ಯಾಂಕಿನವಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಎಂಟೂವರೆಗೆ ಸುತ್ತು ಮುಗಿಯಿತು. ಕಡವೆ ಒಂದು, ಮುಸಿಯದ ಗುಂಪು ಎರಡು, ಕೆಂಜಳಿಲು ಒಂದು, ಕಾಡುಕೋಳಿ ಎರಡು.

ಆಮೇಲೆ ಹುಡುಗನ ಹಕ್ಕಿ ಕೆಲಸ. ಅವನು ಒಂದು ಜಾಗದಲ್ಲಿ ಹತ್ತು ನಿಮಿಷ ಸುಮ್ನೆ ನಿಲ್ಲುತ್ತಾನೆ, ಕಂಡದ್ದು ಕೇಳಿದ್ದು ಎರಡನ್ನೂ ದೂರದ ಸಮೇತ ಬರೆಯುತ್ತಾನೆ, 200 ಮೀಟರ್ ಮುಂದೆ ಹೋಗಿ ಮತ್ತೆ ನಿಲ್ಲುತ್ತಾನೆ. ದಟ್ಟ ಕಾಡಿನಲ್ಲಿ ಹಕ್ಕಿ ಎಣಿಕೆಯ ಮುಕ್ಕಾಲು ಪಾಲು ಕಿವಿಯದ್ದೇ ಕೆಲಸ. ಅವನ ವಿಷಯ ಮಿಶ್ರ ಹಿಂಡುಗಳು. ಮೂರನೇ ಜಾಗದಲ್ಲಿ ಒಂದು ಹಿಂಡು ಸಿಕ್ಕಿತು ನೋಡಿ! ಮೊದಲು ಹರಟೆಮಲ್ಲಗಳ ಕಿಚಿಪಿಚಿ, ಹಿಂದೆ ಮರಕುಟಿಗ, ನೊಣಹಿಡುಕ, ಮೇಲೆ ಉದ್ದ ಬಾಲದ ಎರಡು ಚಮಚ ತೂಗಾಡಿಸಿಕೊಂಡು ಭೀಮರಾಜ. ಉಳಿದ ಹಕ್ಕಿಗಳು ಎಲೆ ಕೆದಕಿ ಎಬ್ಬಿಸಿದ ಹುಳವನ್ನು ಈ ಮಹಾರಾಯ ಗಾಳಿಯಲ್ಲೇ ಹಿಡಿದು ತಿನ್ನುತ್ತಾನೆ. ಪುಕ್ಕಟೆ ಊಟ ಅಂತಲೂ ಅಲ್ಲ. ಡೇಗೆ ಬಂದರೆ ಮೊದಲು ಕೂಗಿ ಎಚ್ಚರಿಸುವವನೂ ಇವನೇ. ಬೇರೆ ಹಕ್ಕಿಗಳ ಎಚ್ಚರಿಕೆಯ ಕೂಗನ್ನೂ ಅನುಕರಿಸುತ್ತಾನೆ. ಶ್ರೀಲಂಕಾದ ಸಿಂಹರಾಜ ಕಾಡಿನಲ್ಲಿ ಇಂಥ ಹಿಂಡುಗಳನ್ನು ದಶಕಗಳಿಂದ ನೋಡಿ ಬರೆದಿಟ್ಟಿದ್ದಾರಂತೆ. ನಾನು ಇಷ್ಟು ವರ್ಷ ಹಿಂಡಿನಲ್ಲಿ 'ಹೊಸ ಹಕ್ಕಿ ಯಾವುದಿದೆ' ಅಂತ ಹುಡುಕಿದವಳು, ಅವು ಯಾಕೆ ಒಟ್ಟಿಗೆ ಓಡಾಡುತ್ತವೆ ಅಂತ ಒಂದು ದಿನವೂ ಕೇಳಿಕೊಂಡಿರಲಿಲ್ಲ.

ಸಂಜೆ ಸುತ್ತಿನಲ್ಲಿ ಕಾಟಿ. ಏಳು. ಬಿಳಿ ಸಾಕ್ಸ್ ಹಾಕಿಕೊಂಡ ಹಾಗಿರುವ ಕಾಲು, ಬಂಡೆಯಂಥ ಮೈ. ನಾನು ಕಂಪಾಸ್ ಹಿಡಿದು ಗಂಭೀರವಾಗಿ ಡಿಗ್ರಿ ಓದಿದೆ. ಕ್ಯಾಂಪಿಗೆ ಬಂದು ಫಾರಂ ನೋಡುತ್ತಾ ಹುಡುಗ ಹುಬ್ಬು ಗಂಟು ಹಾಕಿದ. "ಅಕ್ಕ, ಈ ಲೆಕ್ಕದ ಪ್ರಕಾರ ಕಾಟಿ ಹೊಳೆ ಒಳಗೆ ನಿಂತಿರಬೇಕು." ಆಮೇಲೆ ಗೊತ್ತಾಯಿತು, ಓದುವಾಗ ಅಣ್ಣ ಕತ್ತಿ ಹಿಡಿದು ನನ್ನ ಮೊಣಕೈಗೆ ತಾಗಿ ನಿಂತಿದ್ದ. ಕಬ್ಬಿಣ ಹತ್ತಿರ ಬಂದರೆ ಕಂಪಾಸಿನ ಮುಳ್ಳು ತಿರುಗದೆ ಇರುತ್ತದಾ? ನನಗೆ ಅಳು ಬರುವುದೊಂದು ಬಾಕಿ.

"ನಾಳೆ ಅದೇ ಜಾಗಕ್ಕೆ ಹೋಗಿ ಓದೋಣ ಬಿಡಿ. ಕಾಟಿ ಹೋದ್ರೂ ಅದು ನಿಂತಿದ್ದ ಮರ ಹೋಗಲ್ಲ" ಅಂದ ಹುಡುಗ.

ಮೂರನೇ ದಿನ

ಹೋದೆವು. ಮರ ಅಲ್ಲೇ ಇತ್ತು. ಕತ್ತಿಯನ್ನು ಹತ್ತು ಮಾರು ಆಚೆ ಇಟ್ಟು ಓದಿದೆವು.

ಅದು ಬಿಟ್ಟರೆ ಈ ದಿನ ಬರೆಯುವುದಕ್ಕೆ ಏನೂ ಇಲ್ಲ. ನಿಜವಾಗಿ ಏನೂ ಇಲ್ಲ. ಬೆಳಿಗ್ಗೆ ಎರಡು ಗಂಟೆ ನಡೆದು ಒಂದು ಪ್ರಾಣಿಯೂ ಕಾಣಲಿಲ್ಲ. ಸಂಜೆ ಇನ್ನೆರಡು ಗಂಟೆ, ಕೊನೆಯ ಬದಿಯಲ್ಲಿ ಲಂಟಾನದ ಹಿಂದಿಂದ 'ಪೋಂಕ್' ಅಂತ ಕಡವೆ ಕೂಗಿತು. ಮೂವತ್ತು ಮೀಟರ್ ಕೂಡ ಇಲ್ಲ. ಕಾಲು ನೆಲಕ್ಕೆ ಬಡಿದ ಸದ್ದೂ ಕೇಳಿಸಿತು.

"ಬರ್ಕೋ" ಅಂದೆ.

"ಕಂಡಿತಾ ಅಕ್ಕ?"

"ಕೇಳಿಸ್ತಲ್ಲೋ. ಅಲ್ಲೇ ಇದೆ. ಸುಳ್ಳೇನಲ್ಲವಲ್ಲ?"

"ಸುಳ್ಳಲ್ಲ. ಆದ್ರೆ ಕಾಣಲಿಲ್ಲ."

ಮುಂದಿನ ಹತ್ತು ನಿಮಿಷ ನಾನು ಅವನ ಹತ್ತಿರ ಮಾತಾಡಲಿಲ್ಲ. ಬೇಜಾರು ಅವನ ಮೇಲಲ್ಲ. ಎರಡು ಹೊತ್ತು ನಡೆದು, ನೀರು ಕುಡಿಯದೆ, ಕೆಮ್ಮು ಬಂದರೆ ನುಂಗಿಕೊಂಡು, ಖಾಲಿ ಫಾರಂ ಕೊಡುವುದು ಅಂದರೆ ಹೊಟ್ಟೆ ಉರಿಯುತ್ತದೆ. ಒಂದು ಕಡವೆ ಸೇರಿಸಿದರೆ ಯಾರಿಗೆ ಗೊತ್ತಾಗುತ್ತದೆ? ಯಾರಿಗೂ ಇಲ್ಲ. ಒಂದು ಲೈನಿಗೆ ಒಂದರಂತೆ ಎಲ್ಲರೂ ಸೇರಿಸಿದರೆ ಇಲ್ಲದ ಕಡವೆಗಳ ಒಂದು ಕಾಡೇ ಆಗುತ್ತದೆ, ಅಷ್ಟೇ.

ಹಿಂದೆ ಹುಲಿ ವಿಷಯದಲ್ಲಿ ಬಹುಪಾಲು ಆದದ್ದೂ ಇದೇ. 1960ರ ದಶಕದಿಂದ ಹುಲಿಯ ಹೆಜ್ಜೆ ಗುರುತಿನ ಮೇಲೆ ಗಾಜು ಇಟ್ಟು ಚಿತ್ರ ತೆಗೆದು, ಪ್ರತಿ ಹುಲಿಯನ್ನೂ ಹೆಜ್ಜೆಯಿಂದಲೇ ಗುರುತಿಸುತ್ತೇವೆ ಅಂತ ಹೇಳಿ ಎಣಿಸುತ್ತಿದ್ದರು. ಒಂದೇ ಹುಲಿಯ ಹೆಜ್ಜೆ ಮರಳಿನಲ್ಲಿ ಒಂದು ಥರ, ಕೆಸರಿನಲ್ಲಿ ಇನ್ನೊಂದು ಥರ. ಕಾಗದದಲ್ಲಿ ಹುಲಿಗಳಿದ್ದ ರಾಜಸ್ಥಾನದ ಸರಿಸ್ಕಾದಲ್ಲಿ 2005ರ ಹೊತ್ತಿಗೆ ಒಂದೂ ಉಳಿದಿರಲಿಲ್ಲ. ಅಷ್ಟರಲ್ಲಿ ನಮ್ಮ ನಾಗರಹೊಳೆಯಲ್ಲಿ, 1986ರಲ್ಲಿ ಕೆಲಸ ಶುರು ಮಾಡಿದ್ದ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಗೆರೆಯ ಎಣಿಕೆ, ಕ್ಯಾಮೆರಾ ಟ್ರ್ಯಾಪ್ (ಪ್ರಾಣಿ ಎದುರು ಬಂದರೆ ತಾನೇ ಚಿತ್ರ ತೆಗೆಯುವ ಕ್ಯಾಮೆರಾ) ಎರಡನ್ನೂ ಮಾಡಿ ತೋರಿಸಿದ್ದರು. ಹುಲಿ ಎಣಿಸಲು ಬಂದು ಕಡವೆ ಯಾಕೆ ಎಣಿಸಬೇಕು ಅನ್ನುವುದಕ್ಕೂ ಉತ್ತರ ಅಲ್ಲಿಯದೇ: ಒಂದು ಹುಲಿಗೆ ವರ್ಷಕ್ಕೆ ಜಿಂಕೆ ಗಾತ್ರದ ಸುಮಾರು 50 ಪ್ರಾಣಿ ಬೇಕು. ಮೂಲ ಕರಗದೆ ಆ ಐವತ್ತು ಸಿಗಬೇಕಾದರೆ ಕಾಡಿನಲ್ಲಿ 500ರಷ್ಟು ಇರಬೇಕು. ಅಸಲು ಮುಟ್ಟದೆ ಬಡ್ಡಿ ತಿಂದ ಹಾಗೆ.

ರಾತ್ರಿ ಫಾರಂ ಮೇಲೆ ಶುರು ಮಾಡಿದ ಹೊತ್ತು, ಮುಗಿಸಿದ ಹೊತ್ತು, ಹವಾಮಾನ ಬರೆದು, ಕೆಳಗೆ ಉದ್ದಕ್ಕೆ ಒಂದು ಗೀಟು ಎಳೆದೆ. ಬ್ಯಾಂಕಿನಲ್ಲಿ ಇದಕ್ಕೆ ನಿಲ್ ಸ್ಟೇಟ್‌ಮೆಂಟ್ ಅಂತೀವಿ. ಏನೂ ಇಲ್ಲದಿದ್ದರೂ ಕಳಿಸಲೇಬೇಕು, ಕಳಿಸದಿದ್ದರೆ ಫೋನು ಬರುತ್ತದೆ. ಇಷ್ಟು ವರ್ಷ ಬೈದುಕೊಂಡೇ ಕಳಿಸಿದ್ದೆ.

ಊಟಕ್ಕೆ ಅಕ್ಕಿ ಕಡುಬು, ಹುರುಳಿ ಸಾರು. ಸೊಂಟದಲ್ಲಿ ನಾಲ್ಕು ಉಣ್ಣೆ ಸಿಕ್ಕಿದವು. ಎಣ್ಣೆಯವರಿಗೆ ಹೇಳಬೇಕು.

ನಾಲ್ಕನೇ ದಿನ

ಬೆಳಿಗ್ಗೆ ಕಾಡುಕುರಿ ಎರಡು, ಮುಸಿಯ ಒಂದು ಗುಂಪು, ಕಾಡುಹಂದಿ ಹನ್ನೊಂದು. ಮಧ್ಯಾಹ್ನ ಲೈನಿಗೆ ಬಿಡುವು. ಕ್ಯಾಮೆರಾಗಳ ಕಾರ್ಡು ಬದಲಿಸುವವರ ಜೊತೆ ಹೊರಟೆವು.

ದಾರಿಯ ಎರಡು ಕಡೆ ಎದುರುಬದುರು, ಮೊಣಕಾಲೆತ್ತರಕ್ಕೆ ಒಂದೊಂದು ಕ್ಯಾಮೆರಾ ಕಟ್ಟಿರುತ್ತಾರೆ. ಎರಡು ಯಾಕೆ ಅಂದರೆ ಹುಲಿಯ ಎಡಮಗ್ಗುಲ ಪಟ್ಟೆ ಬಲಮಗ್ಗುಲಿನ ಹಾಗೆ ಇರುವುದಿಲ್ಲ. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕೂ ಇಲ್ಲ, ನಮ್ಮ ಹೆಬ್ಬೆಟ್ಟಿನ ಗುರುತಿನ ಹಾಗೆ. ಬರೀ ಎಷ್ಟು ಹುಲಿ ಸಿಕ್ಕವು ಅಂತ ಎಣಿಸಿ ಬಿಡುವುದಿಲ್ಲ. ಕೆರೆಯಲ್ಲಿ ಮೀನೆಷ್ಟಿವೆ ಅಂತ ತಿಳಿಯಬೇಕು ಅನ್ನಿ. ಬಲೆ ಬೀಸಿ 50 ಮೀನು ಹಿಡಿದು ಗುರುತು ಮಾಡಿ ಬಿಡುತ್ತೀರಿ. ಮತ್ತೆ ಬೀಸಿದಾಗ ಸಿಕ್ಕ 50ರಲ್ಲಿ 10ಕ್ಕೆ ಗುರುತಿದ್ದರೆ, ಐದರಲ್ಲಿ ಒಂದು ಪಾಲು ನೀವು ಮೊದಲೇ ಹಿಡಿದದ್ದು, ಹಾಗಾದರೆ ಕೆರೆಯಲ್ಲಿ 250ರಷ್ಟು ಇರಬಹುದು. ಹುಲಿಗೆ ಗುರುತು ಹಾಕುವ ಕಷ್ಟ ಇಲ್ಲ, ಹುಟ್ಟುತ್ತಲೇ ಹಾಕಿಸಿಕೊಂಡು ಬಂದಿದೆ.

ಒಂದು ಕಾರ್ಡಿನಲ್ಲಿ ಒಂಬೈನೂರು ಚಿಲ್ಲರೆ ಚಿತ್ರ. ಅರ್ಧಕ್ಕೆ ಅರ್ಧ ಗಾಳಿಗೆ ಅಲುಗಿದ ಕೊಂಬೆ. ವಾಚರುಗಳ ಕಾಲು. ಮುಳ್ಳುಹಂದಿ, ಪುನುಗು, ಹೆಜ್ಜೆ ಹೆಜ್ಜೆಗೂ ಕತ್ತು ಕುಣಿಸುವ ಕಾಡುಕೋಳಿ. ಒಂದು ಚಿರತೆ. ಆಮೇಲೆ ಆನೆಯ ಸೊಂಡಿಲ ತುದಿ, ಇನ್ನೂ ಹತ್ತಿರದ ಸೊಂಡಿಲು, ಕತ್ತಲು. ಆ ಕ್ಯಾಮೆರಾ ಇಪ್ಪತ್ತು ಅಡಿ ದೂರದಲ್ಲಿ ಚಪ್ಪಟೆಯಾಗಿ ಬಿದ್ದಿತ್ತು. ಹುಲಿಯ ಒಂದೇ ಒಂದು ಚಿತ್ರ, ಅದೂ ಹಿಂಭಾಗ ಮತ್ತು ಬಾಲ. "ಇದು ಯಾರಂತ ಹೇಳೋಕಾಗಲ್ಲ" ಅಂತ ಹುಡುಗ ಮುಂದಿನ ಚಿತ್ರಕ್ಕೆ ಹೋಗಿಬಿಟ್ಟ. ನನಗಾದರೆ ಆ ಬಾಲವನ್ನೇ ಇನ್ನೂ ಸ್ವಲ್ಪ ಹೊತ್ತು ನೋಡಬೇಕಿತ್ತು.

ವಾಪಸ್ ಬರುವಾಗ ಕಾಡು ಇದ್ದಕ್ಕಿದ್ದ ಹಾಗೆ ತೆರೆದುಕೊಂಡಿತು. ಉದ್ದನೆಯ ಬಯಲು, ನಡುವೆ ಸಣ್ಣ ಹಳ್ಳ, ಹುಲ್ಲು ಇನ್ನೂ ಹಸಿರು. ಜಿಂಕೆಗಳು ಮೇಯುತ್ತಿದ್ದವು. ಬಯಲು ಮೆಟ್ಟಿಲು ಮೆಟ್ಟಿಲಾಗಿ ಇಳಿದಿತ್ತು. ಕಾಡಿನಲ್ಲಿ ಮೆಟ್ಟಿಲೆಲ್ಲಿಂದ ಬಂತು ಅಂತ ನಾನು ಯೋಚಿಸುತ್ತಿರುವಾಗ ಅಣ್ಣ ಹೇಳಿದ:

"ಇದು ನಮ್ಮ ಗದ್ದೆ ಮೇಡಂ."

ಮೂರು ದಿನದಲ್ಲಿ ಅವನು ಆಡಿದ ಅತಿ ಉದ್ದದ ಮಾತು ಅದು. ಆಮೇಲೆ ನಿಲ್ಲಲೇ ಇಲ್ಲ. 2001-02ರ ಸುಮಾರಿಗೆ ಈ ಕಾಡಿನ ಒಳಗಿನ ಊರುಗಳ 400ಕ್ಕೂ ಹೆಚ್ಚು ಕುಟುಂಬಗಳು ಹೊರಗೆ ಹೋದವು. ಜಾಸ್ತಿ ಜನ ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಗೆ. ಆಗ ಅವನಿಗೆ ಹದಿನೇಳು. ಮನೆಯ ಪಾಯ ತೋರಿಸಿದ, ಅದರ ಮೇಲೆ ಗಿಡ ಬೆಳೆದಿತ್ತು. ಒರಳು ಕಲ್ಲು ಹಾಗೇ ಇತ್ತು. ಪಕ್ಕದಲ್ಲಿ ದೊಡ್ಡ ಹಲಸಿನ ಮರ. "ಅಜ್ಜಿ ಹಾಕಿದ್ದು. ಒಂದೊಂದು ತೊಳೆ ಇಷ್ಟುದ್ದ, ಜೇನು ಮಾರಾಯ್ರೆ."

ಬೇಜಾರಾಗಲ್ವಾ ಅಂತ ಕೇಳಿದೆ. ಕೇಳಬಾರದಿತ್ತೇನೋ.

"ಮಳೆಗಾಲದಾಗೆ ಹಳ್ಳ ತುಂಬಿದ್ರೆ ಇಸ್ಕೂಲೂ ಇಲ್ಲ, ಡಾಕ್ಟ್ರೂ ಇಲ್ಲ. ಬೆಳೆದಿದ್ದು ಅರ್ಧ ಆನೆಗೆ, ಅರ್ಧ ಹಂದಿಗೆ. ಅಲ್ಲಿ ಈಗ ಅಡಿಕೆ ಹಾಕೀವಿ, ಮಗಳು ಬಸ್ಸಲ್ಲಿ ಕಾಲೇಜಿಗೆ ಹೋಗ್ತಾಳೆ." ಸ್ವಲ್ಪ ಹೊತ್ತು ಬಿಟ್ಟು, "ಅಜ್ಜಿಗೆ ಮಾತ್ರ ಒಗ್ಗಲಿಲ್ಲ" ಅಂದ.

ಕಾಟಿಯ ಕಥೆ ಹೇಳಿದ್ದೂ ಅವನೇ, ಅಜ್ಜಿಯಿಂದ ಕೇಳಿದ್ದು. ಎಂಬತ್ತರ ದಶಕದ ಕೊನೆಗೆ ದೊಡ್ಡರೋಗ ಬಂದು ಹಳ್ಳದ ಉದ್ದಕ್ಕೂ ಕಾಟಿಗಳು ಬಿದ್ದಿದ್ದವಂತೆ, ವಾಸನೆಗೆ ನೀರಿಗೆ ಹೋಗುವ ಹಾಗಿರಲಿಲ್ಲವಂತೆ. ಊರ ದನಗಳಿಂದ ಕಾಡಿನ ದನಗಳಿಗೆ ಹರಡುವ ರೋಗ ಅದು. 1968ರಲ್ಲಿ ಬಂಡೀಪುರ, ಮುದುಮಲೈ ಕಡೆಯ ಕಾಟಿಗಳನ್ನೂ ಹೀಗೇ ತಿಂದು ಹಾಕಿತ್ತು. ಲಸಿಕೆ ಹಾಕಿ ಹಾಕಿ, 2011ರಲ್ಲಿ ಇಡೀ ಜಗತ್ತಿನಿಂದಲೇ ದೊಡ್ಡರೋಗ ಹೋಯಿತು ಅಂತ ಘೋಷಿಸಿದರು. ಮೊನ್ನೆ ಸಂಜೆ ನಾನು ತಪ್ಪು ಡಿಗ್ರಿ ಓದಿದ ಆ ಏಳು ಕಾಟಿ, ಅಂಥದ್ದರಿಂದ ಉಳಿದು ಬಂದವುಗಳ ಮಕ್ಕಳು ಮೊಮ್ಮಕ್ಕಳೇ ಇರಬೇಕು.

ಐದನೇ ದಿನ

ಕೊನೆಯ ಸುತ್ತು. ಮೂರನೇ ಬದಿಯಲ್ಲಿ ತಿರುಗಿದರೆ ಗೆರೆಯ ಮೇಲೇ ಆನೆ. ಹೆಣ್ಣಾನೆ, ಕಾಲ ಸಂದಿಯಲ್ಲಿ ಮರಿ. ನಾನು ಪೆದ್ದಿ, ಕಂಪಾಸ್ ಎತ್ತಿದೆ! ಅಣ್ಣ ಚೀಲದ ಪಟ್ಟಿ ಹಿಡಿದು ಎಷ್ಟು ಜೋರಾಗಿ ಎಳೆದ ಅಂದರೆ ಭುಜ ಇನ್ನೂ ನೋಯುತ್ತಿದೆ. ಬಂದ ದಾರಿಯಲ್ಲಿ ಸದ್ದಿಲ್ಲದೆ ಹಿಂದೆ ಹಿಂದೆ ಹೋಗಿ, ಆಮೇಲೆ ಅಷ್ಟು ಸದ್ದಿಲ್ಲದೆ ಏನೂ ಅಲ್ಲ, ಓಡಿದೆವು. ಸುತ್ತು ಅಲ್ಲಿಗೇ ನಿಂತಿತು. ಫಾರಂನಲ್ಲಿ '1.9 ಕಿ.ಮೀ. ಮಾತ್ರ, ಆನೆಯ ಕಾರಣ' ಅಂತ ಬರೆದ ಹುಡುಗನ ಅಕ್ಷರ ಅವತ್ತು ಸ್ವಲ್ಪ ನಡುಗಿದೆ.

ಹನ್ನೊಂದಕ್ಕೆ ಗಂಟುಮೂಟೆ ಕಟ್ಟಿ ಜೀಪು ಹತ್ತಿದೆವು. ಅಣ್ಣನಿಗೂ ಎರಡು ದಿನ ರಜೆ ಸಿಕ್ಕಿತ್ತು, ನಮ್ಮ ಜೊತೆಗೇ ಹೊರಟ. ಹಳೇ ಗದ್ದೆ ಬಯಲು ದಾಟುವಾಗ ಡ್ರೈವರ್ ತಾನಾಗಿಯೇ ನಿಧಾನ ಮಾಡಿದ. ಅಜ್ಜಿಯ ಹಲಸಿನ ಮರದ ಕೆಳಗೆ ಒಂದು ಗಂಡು ಕಾಟಿ ನಿಂತಿತ್ತು. ಒಂಟಿ. ಕೊಂಬಿನ ತುದಿಗೆ ಎಲ್ಲೋ ಕಿತ್ತ ಬಳ್ಳಿ ಸಿಕ್ಕಿಕೊಂಡಿತ್ತು. ಒರಳು ಕಲ್ಲಿನ ಹತ್ತಿರ ಮೂತಿ ತಗ್ಗಿಸಿ ಏನೋ ಮೂಸಿತು.

"ಬರ್ಕಳಿ ಮೇಡಂ" ಅಂದ ಅಣ್ಣ.

ಹುಡುಗ ನನ್ನ ಮುಖ ನೋಡಿದ. ನಾನೇ ಹೇಳಿದೆ, "ಅದು ಲೈನಿನ ಮೇಲಿಲ್ಲ ಅಣ್ಣ."

"ಹೌದಲ್ಲ" ಅಂದು ನಕ್ಕ. ಜೀಪು ಕಾಣೆಯಾಗುವವರೆಗೂ ಅದು ನಿಂತೇ ಇತ್ತು.

ಚಿಕ್ಕಮಗಳೂರು, ತರೀಕೆರೆ ಸುತ್ತಿ ಲಕ್ಕವಳ್ಳಿ ಮುಟ್ಟಿದಾಗ ಸಂಜೆ.

ಆರನೇ ದಿನ

ಇವತ್ತು ನನ್ನ ದಿನ. ಹಕ್ಕಿ ದಿನ.

ಲಕ್ಕವಳ್ಳಿಯ ಭದ್ರಾ ಅಣೆಕಟ್ಟು ಮುಗಿದದ್ದು 1965ರಲ್ಲಿ. ನಮ್ಮ ದಾವಣಗೆರೆ ಕಡೆಯ ರೈತರು ಮಳೆಗಾಲದಲ್ಲಿ ಇದರ ಮಟ್ಟವನ್ನು ಕ್ರಿಕೆಟ್ ಸ್ಕೋರಿನ ಹಾಗೆ ಕೇಳುತ್ತಾರೆ, 186 ಅಡಿ ಆದರೆ ಭರ್ತಿ. ಬೇಸಿಗೆಗೆ ನೀರು ಇಳಿದ ಹಾಗೆ ಮುಳುಗಿದ್ದ ಗುಡ್ಡಗಳ ತಲೆ ದ್ವೀಪಗಳಾಗಿ ಮೇಲೆ ಬರುತ್ತವೆ. ಅಲ್ಲಿಗೆ ಸಾವಿರಗಟ್ಟಲೆ ರಿವರ್ ಟರ್ನ್ ಬಂದು ಮೊಟ್ಟೆ ಇಡುತ್ತವೆ. ನೀರು ಕೊಡುವವರ ಲೆಕ್ಕ ಬೇರೆ, ಹಕ್ಕಿಗಳ ಲೆಕ್ಕ ಬೇರೆ, ಎರಡೂ ಒಂದೇ ನೀರಿನ ಮೇಲೆ.

ಬೋಟಿನಲ್ಲಿ ಹೊರಟೆವು. ದೂರದಿಂದ ದ್ವೀಪ ಬರೀ ಕೆಂಪು ಮಣ್ಣು, ಕಲ್ಲು. ಹತ್ತಿರ ಬಂದ ಹಾಗೆ ಕಲ್ಲುಗಳಿಗೆಲ್ಲ ಹಳದಿ ಕೊಕ್ಕು, ಕಪ್ಪು ಟೋಪಿ ಬಂತು. ಗೂಡು ಅಂತ ಏನಿಲ್ಲ, ನೆಲದಲ್ಲಿ ಕೆರೆದ ಸಣ್ಣ ತಗ್ಗು, ಅದರಲ್ಲಿ ಎರಡೋ ಮೂರೋ ಮೊಟ್ಟೆ, ಮಣ್ಣಿನದೇ ಬಣ್ಣ. ಮೊಟ್ಟೆ ಮೇಲೆ ಕೂರುವುದು ಕಾವು ಕೊಡಲಿಕ್ಕೆ ಅಂತ ನಾವೆಲ್ಲ ಓದಿದ್ದು, ಅಲ್ವಾ? ಈ ಬಿಸಿಲಲ್ಲಿ ಅದು ನೆರಳು ಕೊಡಲಿಕ್ಕೆ. ಒಂದು ಹಕ್ಕಿ ಹೋಗಿ ಹೊಟ್ಟೆ ಒದ್ದೆ ಮಾಡಿಕೊಂಡು ಬಂದು ಮೊಟ್ಟೆಯ ಮೇಲೆ ಕೂತದ್ದನ್ನು ದುರ್ಬೀನಿನಲ್ಲಿ ನೋಡಿದೆ. ನಾವು ದ್ವೀಪಕ್ಕೆ ಇಳಿದು ಅವೆಲ್ಲ ಹಾರಿ ತುಂಬ ಹೊತ್ತು ಆಚೆ ಉಳಿದರೆ ಮೊಟ್ಟೆ ಬಿಸಿಲಿಗೆ ಕೆಟ್ಟೇ ಹೋಗುತ್ತದೆ. ಹದ್ದುಗಳು ಬೇರೆ ಮೇಲೆ ಸುತ್ತುತ್ತಿರುತ್ತವೆ. ಆದ್ದರಿಂದ ಇಳಿಯುವ ಹಾಗಿಲ್ಲ, ತೀರಾ ಹತ್ತಿರವೂ ಹೋಗುವ ಹಾಗಿಲ್ಲ. ಅವತ್ತು ಇನ್ನೊಂದು ಬೋಟಿನವರು ಚಿತ್ರಕ್ಕೋಸ್ಕರ ದ್ವೀಪಕ್ಕೆ ತಾಗಿಸಿ ನಿಲ್ಲಿಸಿದ್ದರು. ಇಡೀ ದ್ವೀಪ ಎದ್ದು ಕಿರುಚಿತು. ನಮ್ಮ ಬೋಟಿನ ಅಣ್ಣ ಬೈದ ಮಾತನ್ನು ಇಲ್ಲಿ ಬರೆಯಲಾರೆ. ಈ ಹಕ್ಕಿಯನ್ನು ಜಗತ್ತಿನ ಅಪಾಯದ ಪಟ್ಟಿಯಲ್ಲಿ ಸೇರಿಸಿಯಾಗಿದೆ. ಹೊಳೆಗಳ ಮರಳು ದಿಬ್ಬಗಳೇ ಉಳಿಯುತ್ತಿಲ್ಲ.

ಎಣಿಕೆ ಹೀಗೆ: ಇಬ್ಬರು ಬೇರೆ ಬೇರೆ ಎಣಿಸಬೇಕು, ಮುಗಿಯುವವರೆಗೂ ಒಬ್ಬರಿಗೊಬ್ಬರು ಹೇಳಬಾರದು. ದ್ವೀಪವನ್ನು ಕಣ್ಣಲ್ಲೇ ಪಟ್ಟಿ ಪಟ್ಟಿ ಮಾಡಿಕೊಂಡು, ಕೂತವನ್ನು ಮಾತ್ರ. ನನ್ನದು 318. ಹುಡುಗನದು 296. "ನೀವು ಕಲ್ಲನ್ನೂ ಎಣಿಸಿದ್ರಿ" ಅಂದ. "ನೀನು ಹಕ್ಕಿನ ಕಲ್ಲು ಅಂದ್ಕೊಂಡೆ" ಅಂದೆ. ಮತ್ತೆ ಎಣಿಸಿದೆವು. 309, 304. ನಾಲ್ಕೂ ಸಂಖ್ಯೆ ಬರೆದುಕೊಂಡ. ಮೊದಲ ಎರಡು ಹೊಡೆದು ಹಾಕಬಹುದಿತ್ತು, ಹಾಕಲಿಲ್ಲ.

ಮಧ್ಯಾಹ್ನ ಎಂ.ಸಿ. ಹಳ್ಳಿಯಲ್ಲಿ ಅಣ್ಣನ ಮನೆ. ಅಡಿಕೆ ಸಸಿಗಳ ನಡುವೆ ತಾರಸಿ ಮನೆ, ಅಂಗಳದ ಮೂಲೆಯಲ್ಲಿ ಹಲಸಿನ ಮರ. ಕೇಳುವ ಮೊದಲೇ ಅವನ ಹೆಂಡತಿ ಹೇಳಿದರು, "ಆ ಮರದ್ದೇ ಬೀಜ. ಆದ್ರೆ ಆ ರುಚಿ ಇಲ್ಲ ಬಿಡಿ." ಬೀಜದಿಂದ ಬಂದ ಹಲಸು ತಾಯಿಯ ಹಾಗೇ ಇರಬೇಕು ಅಂತೇನಿಲ್ಲ. ಇದು ಸ್ವಲ್ಪ ಸಪ್ಪೆಯಂತೆ, ತೊಳೆ ಮೆತ್ತಗಂತೆ. "ಪಲ್ಯಕ್ಕೆ ಅಡ್ಡಿಯಿಲ್ಲ" ಅಂತ ಒಂದು ಎಳೆ ಕಾಯಿ ಕೊಯ್ದು, ಮೇಣ ಸೋರದ ಹಾಗೆ ತೊಟ್ಟಿಗೆ ಬೂದಿ ಮೆತ್ತಿ, ಗೋಣಿ ಚೀಲಕ್ಕೆ ಹಾಕಿ ಕೊಟ್ಟರು.

ತರೀಕೆರೆಯಲ್ಲಿ ಬಸ್ಸು ಹತ್ತಿದೆ. ಕಂಡಕ್ಟರ್ ಚೀಲವನ್ನು ಕಾಲಲ್ಲಿ ಸರಿಸಿ ನೋಡಿದರು.

"ಏನಮ್ಮ ಇದು, ಲಗೇಜಾ?"

"ಹಲಸಿನಕಾಯಿ. ಒಂದೇ."

"ತೂಕ ಎಷ್ಟಿದೆ?"

ಸುಮಾರು ನಾಲ್ಕು ಕೆಜಿ ಅಂತ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. "ಗೊತ್ತಿಲ್ಲ ಸಾರ್, ತೂಗಿಲ್ಲ" ಅಂದೆ. ಅವರು ನಕ್ಕು ಮುಂದಿನ ಸೀಟಿಗೆ ಹೋದರು.